ಬೇಕರಿಯವನ ಹಾಡು

ಸೊಲಾಂಜ್ ವೆರ್ಕೆನ್ ಕವಿತೆ ಬರೆದು, ತಾನೇ ರಾಗ ಹಾಕಿ ಹಾಡುತ್ತಿದ್ದಳು. ಹನ್ನೊಂದು ವರ್ಷ ಅವಳ ಪಕ್ಕದಲ್ಲಿ ಅಕಾರ್ಡಿಯನ್ ನುಡಿಸಿದವನು ನಾನು. ಅವಳಿಗೆ ಹೆಸರು ತಂದದ್ದು ಒಂದೇ ಹಾಡು. ಯುದ್ಧದಲ್ಲಿ ಜರ್ಮನರು ನಮ್ಮ ದೇಶವನ್ನು ಆಳುತ್ತಿದ್ದ ಕಾಲದಲ್ಲಿ ಅವಳ ಅಣ್ಣನನ್ನು ಯಾರೋ ಅವರಿಗೆ ಹಿಡಿದುಕೊಟ್ಟಿದ್ದರು. ಅವನು ಮರಳಿ ಬರಲಿಲ್ಲ. ಹಾಡಿನಲ್ಲಿ ಹಿಡಿದುಕೊಡುವವನು ಒಬ್ಬ ಬೇಕರಿಯವನು. ಹೆಸರೇನೂ ಇರಲಿಲ್ಲ. ಆದರೆ ಮ್ಯೂಸ್ ನದಿ ದಂಡೆಯ ಅವಳ ಊರಿನಲ್ಲಿ ಇದ್ದದ್ದೇ ಒಂದು ಬೇಕರಿ.

೧೯೬೧ರ ಒಂದು ಭಾನುವಾರ ಮಧ್ಯಾಹ್ನ ಅದೇ ಊರಿನ ಜನತಾ ಭವನದಲ್ಲಿ, ಆ ಹಾಡು ಹೆಸರಾದ ಮೇಲೆ ಅಲ್ಲಿ ಅವಳ ಮೊದಲ ಕಾರ್ಯಕ್ರಮ. ಪರದೆ ಏಳಲು ಅರ್ಧ ಗಂಟೆ ಇದ್ದಾಗ ಒಬ್ಬ ಹೆಂಗಸು ಬಾಗಿಲು ತಟ್ಟದೆ ವೇದಿಕೆಯ ಹಿಂದಿನ ನಮ್ಮ ಕೋಣೆಯೊಳಗೆ ಬಂದಳು.

“ನಾನು ಬರ್ತ್ ಕ್ಲೋಸೆ, ಬೇಕರಿಯವರ ಮಗಳು. ಅಪ್ಪನ್ನ ಕರ್ಕೊಂಡು ಬಂದಿದೀನಿ. ಮೊದಲನೇ ಸಾಲಲ್ಲೇ ಕೂತಿದಾರೆ. ಆ ಹಾಡು ಅವರ ಮುಖ ನೋಡ್ಕೊಂಡೇ ಹಾಡಿ, ಮೇಡಂ.”

“ಊರೆಲ್ಲಾ ಹೇಳ್ತಿದ್ದದ್ದನ್ನೇ ಬರೆದೆ,” ಎಂದಳು ಸೊಲಾಂಜ್.

“ಊರು ಮೂರು ಹೆಸರು ಹೇಳ್ತಿತ್ತು. ಡಾಕ್ಟರು, ಪೋಸ್ಟಿನವನು, ನಮ್ಮಪ್ಪ. ನಮ್ಮಪ್ಪನೇ ಯಾಕೆ?”

ಸೊಲಾಂಜ್ ನನ್ನತ್ತ ನೋಡಿದಳು. ಉತ್ತರ ನನಗೂ ಗೊತ್ತಿತ್ತು. ಡಾಕ್ಟರು ಸಾಲಿಗೆ ಹೊಂದಲಿಲ್ಲ, ಪೋಸ್ಟಿನವನು ಲಯದಲ್ಲಿ ಕುಂಟಿದ, ಬೇಕರಿಯವನು ಪ್ರಾಸಕ್ಕೆ ಸರಿಯಾಗಿ ಕೂತ. ಅಂದು ಭೇಷ್ ಎಂದವನು ನಾನೇ.

“ಅಂಗಡಿ ಗಾಜು ಎರಡು ಸಲ ಒಡೆದ್ರು. ಜನ ಪಕ್ಕದೂರಿಂದ ಬ್ರೆಡ್ ತರ್ತಾರೆ. ಹೋದ ವರ್ಷ ಅಂಗಡಿ ಮುಚ್ಚಿದ್ವಿ,” ಎಂದು ಬರ್ತ್ ಹೊರಟುಹೋದಳು.

“ಎಲ್ವಾ, ಈಗೇನೋ ಮಾಡೋದು?” ಎಂದು ಸೊಲಾಂಜ್ ನನ್ನ ಹೆಸರು ಹಿಡಿದು ಕೇಳಿದಳು.

“ಅದೊಂದು ಬಿಟ್ಟು ಬೇರೆ ಹಾಡಿದ್ರಾಯ್ತು, ಬಿಡು,” ಎಂದೆ. ಪುಕ್ಕಲನ ಮಾತು.

ಒಂಬತ್ತು ಹಾಡು ಮುಗಿದವು. ಮೊದಲ ಸಾಲಿನಲ್ಲಿ ಬರ್ತ್‌ಳ ಅಪ್ಪ, ಆ ಮುದುಕ, ಟೋಪಿಯನ್ನು ಮಂಡಿಯ ಮೇಲಿಟ್ಟುಕೊಂಡು ಅವಳನ್ನೇ ನೋಡುತ್ತಿದ್ದ. ಆಮೇಲೆ ಜನ ನೆಲಕ್ಕೆ ಕಾಲು ಬಡಿಯತೊಡಗಿದರು. “ಬೇಕರಿಯವನು! ಬೇಕರಿಯವನು!”

“ಇಲ್ಲೇ ಕೂತಿದಾನೆ ನೋಡಮ್ಮಾ, ಬಾರಿಸು!” ಎಂದ ಹಿಂದಿನಿಂದ ಯಾರೋ. ಒಣಗಿದ ಬ್ರೆಡ್ಡಿನ ತುಂಡೊಂದು ಹಾರಿಬಂದು ಮುದುಕನ ಹೆಗಲಿಗೆ ಬಡಿಯಿತು. ಅವನು ಅಲುಗಲಿಲ್ಲ. ಅಭ್ಯಾಸಬಲದಿಂದ ನನ್ನ ಬೆರಳು ಮೊದಲ ಸ್ವರ ಒತ್ತಿಯೇಬಿಟ್ಟಿತು. ಸೊಲಾಂಜ್ ಅಕಾರ್ಡಿಯನ್ ಮೇಲೆ ಕೈಯಿಟ್ಟು ತಡೆದಳು.

“ನಮ್ಮಣ್ಣನ್ನ ಯಾರು ಹಿಡ್ಕೊಟ್ರೋ ನಂಗೊತ್ತಿಲ್ಲ,” ಎಂದಳು. “ಪ್ರಾಸ ಕೂಡ್ತು ಅಂತ ಬೇಕರಿಯವನು ಅಂತ ಬರೆದೆ. ಅಷ್ಟೇ. ತಪ್ಪು ನಂದು.”

“ಥೂ! ಅಣ್ಣನ ಸಾವು ಮಾರ್ಕೊಂಡು ತಿಂದೆಯೇನೇ?” ಎಂದು ಒಬ್ಬ ಕಿರುಚಿದ. ಕುರ್ಚಿಗಳು ಉರುಳಿದವು. ಅರ್ಧ ಜನ ಎದ್ದುಹೋದರು. ಅವಳು ವೇದಿಕೆಯಿಂದಿಳಿದು ಮುದುಕನ ಮುಂದೆ ನಿಂತಳು.

“ನಿಮ್ಮಣ್ಣ ದಿನಾ ಬೆಳಿಗ್ಗೆ ನಮ್ಮಂಗಡಿಗೆ ಬರ್ತಿದ್ದ,” ಎಂದ ಮುದುಕ. “ಬಿಸಿ ಬ್ರೆಡ್ಡಿನ ತುದಿ ಮುರ್ಕೊಂಡು ದಾರೀಲೇ ತಿಂತಿದ್ದ. ಅದನ್ನ ಬರೀಬೋದಿತ್ತಲ್ಲಮ್ಮ.”

ಟೋಪಿ ಹಾಕಿಕೊಂಡು ಮಗಳ ತೋಳು ಹಿಡಿದು ಹೊರಟ. ಕ್ಷಮಿಸಿದೆ ಎನ್ನಲಿಲ್ಲ.

ಸೊಲಾಂಜ್ ತಪ್ಪೊಪ್ಪಿಕೊಂಡು ಪತ್ರಿಕೆಗಳಿಗೆಲ್ಲ ಬರೆದಳು, ಎರಡು ಪತ್ರಿಕೆ ಮಾತ್ರ ಅಚ್ಚುಹಾಕಿದವು. ಆ ಹಾಡನ್ನು ಅವಳು ಮತ್ತೆಂದೂ ಹಾಡಲಿಲ್ಲ. ರೇಡಿಯೋ ಮಾತ್ರ ಹಾಡುತ್ತಲೇ ಇತ್ತು. ಕ್ಲೋಸೆಯ ಅಂಗಡಿ ಮತ್ತೆ ತೆರೆಯಲಿಲ್ಲ.