ಹದಿಮೂರು ಉಬ್ಬಿನ ಏಡಿ

ನಮ್ಮ ಪ್ರಯೋಗಾಲಯದ ದಾಖಲೆ ಪುಸ್ತಕಕ್ಕೆ ಎರಡು ನಿಯಮ. ಬರೆದದ್ದನ್ನು ಅಳಿಸಕೂಡದು, ತಪ್ಪಾದರೆ ಒಂದೇ ಗೆರೆ ಎಳೆದು ಸಹಿ ಹಾಕಬೇಕು. ಮತ್ತು, ಪ್ರಾಣಿ ಸಾಕ್ಷಿಯಾಗಿ ಸ್ಪಿರಿಟ್ ಬಾಟಲಿಗೆ ಇಳಿಯದೆ ಅದರ ಹೆಸರು ಪುಸ್ತಕಕ್ಕೆ ಏರಕೂಡದು.

ಎರಡನೆಯ ನಿಯಮ ನನ್ನ ನಿದ್ದೆ ಕೆಡಿಸಿತ್ತು.

ಅಳಿವೆಯ ಉಪ್ಪುನೀರಲ್ಲಿ ಬೆಳೆಯುವ ಕಾಂಡ್ಲಾ ಗಿಡದ ಬೇರಿನ ಮೇಲೆ ಸಿಕ್ಕಿದ ಏಡಿ ಅದು. ಎರಡು ಹೆಬ್ಬೆರಳಗಲದ ಬೆನ್ನು, ನೇರಳೆ ಇಕ್ಕಳ. ಈ ಬಳಗದವರನ್ನು ಗುರುತಿಸುವುದು ಗಂಡಿನ ಇಕ್ಕಳದ ಮೇಲಿನ ಉಬ್ಬುಗಳನ್ನು ಎಣಿಸಿ. ಭೂತಗನ್ನಡಿ ಹಿಡಿದು ನಾಲ್ಕು ಸಲ ಎಣಿಸಿದೆ. ಹದಿಮೂರು. ನಮ್ಮ ಅಳಿವೆಯ ಪಟ್ಟಿಯಲ್ಲಿ ಹದಿಮೂರರವನು ಇರಲೇ ಇಲ್ಲ.

“ಹಾಗಾದ್ರೆ ಸ್ಪಿರಿಟ್‌ಗೆ ಹಾಕು,” ಎಂದರು ಪ್ರಯೋಗಾಲಯ ನಡೆಸುವ ಮೇಡಂ.

“ಬಾಟಲಿ ತೊಳೆದಿಲ್ಲ ಮೇಡಂ.”

ಮರುದಿನ ಮುಚ್ಚಳ ಸಿಗಲಿಲ್ಲ.

“ನಾಳೆ ಏನು, ಬಾಟಲಿಗೆ ಜ್ವರಾನಾ? ನಾಳೆ ಸಂಜೆ ಪಟ್ಟಿ ಅಚ್ಚಿಗೆ ಹೋಗತ್ತೆ. ಬಾಟಲೀಲಿ ಇಲ್ದೇ ಇದ್ರೆ ಪಟ್ಟೀಲೂ ಇರಲ್ಲ.”

ಮನೆಯಲ್ಲಿ ಅಜ್ಜಿಯ ಮುಂದೆ ಗೋಳು ತೋಡಿಕೊಂಡೆ. ಅಜ್ಜಿಯ ಕಥೆಗಳಲ್ಲಿ ಏಡಿಗಳು ರಾಜಕುಮಾರಿಯ ಉಂಗುರ ಹುಡುಕಿಕೊಡುತ್ತವೆ. ಸ್ಪಿರಿಟ್‌ನಲ್ಲಿ ಕೂತ ಏಡಿ ಒಂದೂ ಇಲ್ಲ.

“ಶಾಲೇಲಿ ನಿನ್ನ ಹೆಸರೂ ಬರ್ಕೊಂಡ್ರಮ್ಮ,” ಎಂದಳು ಅಜ್ಜಿ, “ಯಾರೂ ಬಾಟಲಿಗೆ ಹಾಕ್ಲಿಲ್ಲ.”

ಬೆಳಿಗ್ಗೆ ಹೋದರೆ ಪ್ರಯೋಗಾಲಯದ ತೊಟ್ಟಿಯಲ್ಲಿ ಏಡಿ ಅಂಗಾತ ಬಿದ್ದಿತ್ತು. ಮುಟ್ಟಿದರೂ ಅಲುಗಲಿಲ್ಲ. ಕಣ್ಣೊರೆಸಿಕೊಂಡು, ಪುಸ್ತಕದಲ್ಲಿ ‘ಎಂಟೂವರೆ. ಸತ್ತಿದೆ’ ಎಂದು ಬರೆದೆ. ಆಮೇಲೆ ಚಿಮಟದಲ್ಲಿ ಎತ್ತಿದೆ. ತೂಕವೇ ಇಲ್ಲ. ಒಳಗೆಲ್ಲ ಪೊಳ್ಳು.

ಮೂಲೆಯ ಕೊಳೆತ ಎಲೆಯಡಿಯಿಂದ ಎರಡು ಕಣ್ಣು ಇಣುಕಿದವು. ಹಳೆಯ ಚಿಪ್ಪಿನ ಪೊರೆ ಬಿಟ್ಟು, ಮೆತ್ತನೆ ಹೊಸ ಮೈಯಲ್ಲಿ ಕೂತಿದ್ದ ನಮ್ಮ ಮಹಾಶಯ.

ಮೇಡಂ ಬಂದು ಪುಸ್ತಕ ಓದಿದರು, ತೊಟ್ಟಿ ನೋಡಿದರು.

“ಸತ್ತವನು ನನ್ನನ್ನೇ ದುರುಗುಟ್ಕೊಂಡು ನೋಡ್ತಿದಾನಲ್ಲೇ.”

“ಪೊರೆ ನೋಡಿ ಮೋಸ ಹೋದೆ ಮೇಡಂ. ಆದ್ರೆ… ಪೊರೇಲೂ ಉಬ್ಬು ಇದೆಯಲ್ಲ?”

ಅವರು ಭೂತಗನ್ನಡಿ ಹಿಡಿದರು. ತುಟಿ ಅಲುಗತೊಡಗಿತು. ನಾನು ಆ ತುಟಿಯ ಅಲುಗಾಟವನ್ನೇ ಎಣಿಸಿದೆ. ಹದಿಮೂರಕ್ಕೆ ನಿಂತಿತು. ಪೊರೆಯನ್ನು ಮಗುಚಿ ಹೊಟ್ಟೆಯ ಮಡಿಕೆ ನೋಡಿದರು. ಹೆಣ್ಣಿಗಾದರೆ ಅಗಲ; ಇದು ಕಿರಿದು, ಗಂಡೇ.

“ಮುಚ್ಚಳ ಸಿಕ್ತಾ?”

“ಈಗ ಸಿಕ್ಕಿತು.”

“ಸಾಕ್ಷಿಗೆ ಇಷ್ಟು ಸಾಕು. ಪೊರೆ ಬಾಟಲಿಗೆ ಹಾಕು. ಇಕ್ಕಳ ಮುರಿದ್ರೆ ನಿನ್ನನ್ನೇ ಹಾಕ್ತೀನಿ. ಅವನ ಮೈ ಗಟ್ಟಿಯಾದ್ಮೇಲೆ ಅದೇ ಬೇರಿಗೆ ಬಿಟ್ಟು ಬಾ.”

ನಿಯಮದಂತೆ ‘ಸತ್ತಿದೆ’ ಮೇಲೆ ಒಂದೇ ಗೆರೆ ಎಳೆದು ಸಹಿ ಹಾಕಿದೆ. ಪಕ್ಕದಲ್ಲಿ ಬರೆದೆ: ‘ಅಂಗಿ ಬದಲಿಸಿದೆ.’

ಮೇಡಂ ‘ಅಂಗಿ’ಯ ಮೇಲೆ ಗೆರೆ ಎಳೆದು ‘ಪೊರೆ’ ಎಂದು ತಿದ್ದಿ, ತಾವೂ ಸಹಿ ಹಾಕಿದರು.