ದೀಪ ಹಚ್ಚಿದ ಮೇಲಿನ ಪಾಸ್‌ವರ್ಡ್

ಶಾಂತಾದೇವಿಗೆ ನಮ್ಮ ಮನೆಯ ಗಾಳಿಯೂ ಸೋಕಬಾರದು ಅಂತಲೇ ನಾನು ಆ ಸರ್ವರ್ ಕಟ್ಟಿದ್ದು. ಇದನ್ನು ಮೊದಲೇ ಹೇಳಿಬಿಡುತ್ತೇನೆ. ಮರಾಠಿ ಗಡಿಯ ನಮ್ಮೂರು ಮುಚ್ಚಂಡಿಯಲ್ಲಿ ಯಾರನ್ನಾದರೂ ಕೇಳಿದರೆ ಕೌಸರಬಾಯಿಗೆ ಹೊಸದು ಕಲಿಯುವ ಹುಚ್ಚು ಅಂತ ಹೊಗಳುತ್ತಾರೆ. ಹುಚ್ಚೂ ಇಲ್ಲ, ಮಣ್ಣೂ ಇಲ್ಲ. ಸಿಟ್ಟಿಗೆ ಕಲಿತೆ.

ನನ್ನದು ಟೈಪಿಂಗ್ ಕ್ಲಾಸು, ಮರಾಠಿ ಮತ್ತು ಇಂಗ್ಲಿಷ್. ಹನ್ನೆರಡು ಮಶೀನು, ದರಿಬಡಚಿಯಿಂದ ವಳಸಂಗದಿಂದ ಬಸ್ಸು ಹತ್ತಿ ಬರುವ ಮಕ್ಕಳು, ಮನೆಯಲ್ಲಿ ನಾನು ಮತ್ತು ನನ್ನ ಅಮ್ಮ ಮಲೀಕಾ. ಗೋಡೆಗೆ ಗೋಡೆ ಹಚ್ಚಿಕೊಂಡು ಅರಿವೆ ಅಂಗಡಿ ಶಂಕರೆಪ್ಪನ ಮನೆ. ಶಾಂತಾದೇವಿ ಅವನ ಹೆಂಡತಿ. ಎರಡು ಸಾವಿರದ ಮೂರರ ಬೇಸಿಗೆಯಲ್ಲಿ, ಟೈಪಿಂಗ್ ಪರೀಕ್ಷೆಗೆ ಸರಿಯಾಗಿ ಒಂದು ತಿಂಗಳಿರುವಾಗ, ಆಕೆ ಮೇಲಿನವರಿಗೆ ಅರ್ಜಿ ಕೊಟ್ಟಳು. ಮುಂಜಾನೆ ಏಳರಿಂದ ಖಡಖಡ ಖಡಖಡ, ಮನೆಯಲ್ಲಿ ಕೂತರೆ ತಲೆ ಒಡೆಯುತ್ತದೆ ಅಂತ. ಕ್ಲಾಸಿಗೆ ಬೀಗ ಬಿತ್ತು. ನಲವತ್ತು ಮಕ್ಕಳಲ್ಲಿ ಮೂವತ್ತೊಂದು ನಪಾಸಾದವು. ಅಂದಿನಿಂದ ನಮಗೂ ಅವಳಿಗೂ ಮಾತಿಲ್ಲ. ಇದಕ್ಕೆ ಧರ್ಮದ ಬಣ್ಣ ಹಚ್ಚಲು ಒಬ್ಬಿಬ್ಬರು ಬಂದಿದ್ದರು. ಅವರನ್ನು ನಾನೂ ಬೈದು ಕಳಿಸಿದೆ, ಅವಳೂ ಬೈದು ಕಳಿಸಿದಳಂತೆ. ಜಗಳ ನಮ್ಮಿಬ್ಬರದು, ಪಾಲು ಕೇಳುವುದಕ್ಕೆ ಇವರ್ಯಾರು?

ಎರಡು ಸಾವಿರದ ಒಂಬತ್ತರಲ್ಲಿ ನಮ್ಮ ಫೋನಿನ ತಂತಿಗೆ ಇಂಟರ್‌ನೆಟ್ ಬಂತು. ಊರಿನ ಎಕ್ಸ್‌ಚೇಂಜಿನಲ್ಲಿ ಇದ್ದವು ಎಂಟೇ ಜೋಡಣೆ, ಎಂಟನೆಯದು ನನಗೆ ಸಿಕ್ಕಿತು. ಒಂಬತ್ತನೆಯ ಅರ್ಜಿ ಶಂಕರೆಪ್ಪನದಾಗಿತ್ತು. ಅದನ್ನು ಕೇಳಿ ನಾನು ಅವತ್ತು ಎರಡು ರೊಟ್ಟಿ ಹೆಚ್ಚಿಗೆ ತಿಂದೆ.

ಅಂಗಡಿಯಿಂದ ಒಂದು ವೈರ್‌ಲೆಸ್ ಡಬ್ಬಿ ತಂದಿಟ್ಟಿದ್ದೆ. ಅದರ ಕೀಲಿಯನ್ನು ಓಣಿಯ ಪಡ್ಡೆಗಳು ಎಂಟು ದಿನದಲ್ಲಿ ಮುರಿದರು. ಡಬ್ಬಿಗೆ ಇನ್ನೊಂದು ರೋಗವೂ ಇತ್ತು. ಯಾರು ಬಂದರು, ಯಾವಾಗ ಬಂದರು ಅಂತ ಅದು ಬರೆದಿಡುತ್ತಿರಲಿಲ್ಲ. ನನಗೆ ಬೇಕಾದದ್ದೇ ಆ ಲೆಕ್ಕ. ಅದಕ್ಕೆ ಕ್ಲಾಸಿನ ಹಳೆಯ ಕಂಪ್ಯೂಟರೊಂದನ್ನು ಅಮ್ಮನ ಮಂಚದ ಕೆಳಗೆ ಇಟ್ಟು, ಅದಕ್ಕೊಂದು ವೈರ್‌ಲೆಸ್ ಕಾರ್ಡು ಚುಚ್ಚಿ, ಲಿನಕ್ಸ್ ಹಾಕಿದೆ. ಮೊದಲ ಕಾರ್ಡು ಕೇಳುತ್ತಿತ್ತು, ಮಾತಾಡುತ್ತಿರಲಿಲ್ಲ. ಎರಡನೆಯದು ಮಾತಾಡುತ್ತಿತ್ತು, ಬಿಸಿಯಾಗಿ ಸಾಯುತ್ತಿತ್ತು. ಮೂರನೆಯದನ್ನು ಸಾಂಗಲಿಯಿಂದ ತರಿಸಿದೆ. ಲೋಡ್‌ಶೆಡ್ಡಿಂಗಿಗೆ ಇನ್ವರ್ಟರ್ ಕೊಟ್ಟೆ. ಮೂರು ವಾರ ಆ ಮಂಚದ ಕೆಳಗೆ ತೆವಳಿ ಸೊಂಟ ಹೋಯಿತು. ಕಡೆಗೆ ಭದ್ರವಾದ ಕೀಲಿ, ಹದಿನಾರು ಅಕ್ಷರದ ಪಾಸ್‌ವರ್ಡ್, ಮತ್ತು ಬಾಗಿಲಿಗೆ ಬಂದ ಒಂದೊಂದು ಯಂತ್ರದ ನಂಬರನ್ನೂ ಹೊತ್ತನ್ನೂ ಬರೆದಿಡುವ ಒಂದು ದಫ್ತರು. ದಿನಾ ಸಂಜೆ ಆ ದಫ್ತರು ಓದುವುದು ನನಗೆ ಪತ್ರಿಕೆ ಓದಿದ ಹಾಗಾಯಿತು.

ಪಾಸ್‌ವರ್ಡ್ ಯಾರ ಬಾಯಲ್ಲೂ ನಿಲ್ಲುವಂಥದ್ದಲ್ಲ, ಅಕ್ಷರ ಅಂಕಿ ಕಲಸಿದ್ದು. ನನಗೇ ನೆನಪಿರುವುದಿಲ್ಲ ಅಂತ ಚೀಟಿಯಲ್ಲಿ ಬರೆದು ಹೊಲಿಗೆ ಡಬ್ಬಿಯಲ್ಲಿ ಇಟ್ಟಿದ್ದೆ.

ಹತ್ತನೆಯ ದಿನ ದಫ್ತರಿನಲ್ಲಿ ಗುರುತಿಲ್ಲದ ಯಂತ್ರವೊಂದು ಕಂಡಿತು. ವಾರದೊಳಗೆ ನಾಲ್ಕಾದವು. ಎಲ್ಲವೂ ಸರಿಯಾದ ಪಾಸ್‌ವರ್ಡ್ ಕೊಟ್ಟು, ನೆಂಟರ ಹಾಗೆ ಮುಂಬಾಗಿಲಿನಿಂದಲೇ ಒಳಗೆ ಬಂದಿದ್ದವು. ನನ್ನ ರಕ್ತ ಕುದಿಯಿತು. ಮೊದಲನೆಯದು ಶಾಂತಾದೇವಿಯ ಮನೆಯದು ಅನ್ನುವುದರಲ್ಲಿ ನನಗೆ ಅನುಮಾನವೇ ಇರಲಿಲ್ಲ, ಗೋಡೆಯ ಆ ಮೂಲೆಯಲ್ಲೇ ಸಿಗ್ನಲ್ ಜೋರಾಗಿತ್ತು. ಹೇಗೆ ಕದ್ದಳು ಅನ್ನುವುದೇ ತಿಳಿಯಲಿಲ್ಲ. ಇನ್ನೊಂದು ವಿಚಿತ್ರ ಏನೆಂದರೆ, ನಾಲ್ಕೂ ಯಂತ್ರಗಳು ಮೊದಲ ಸಲ ಒಳಗೆ ಬಂದದ್ದು ಹಗಲು ಹೊತ್ತಿನಲ್ಲಿ. ಹತ್ತು, ಹನ್ನೊಂದೂವರೆ, ಮೂರು, ಐದು. ಸಂಜೆ ಆರೂವರೆಯ ಮೇಲೆ ಒಂದೂ ಇಲ್ಲ. ಕಚೇರಿ ವೇಳೆ ಪಾಲಿಸುವ ಕಳ್ಳರನ್ನು ನಾನು ಅಲ್ಲಿಯವರೆಗೆ ಕಂಡಿರಲಿಲ್ಲ.

ಉತ್ತರ ನಮ್ಮ ಬಾಗಿಲಲ್ಲೇ ಸಿಕ್ಕಿತು. ಒಂದು ಸಂಜೆ ಹಿಂದಿನ ಓಣಿಯ ಇಂದ್ರಾಬಾಯಿ ಬಟ್ಟಲು ಹಿಡಿದು ಬಂದಳು.

"ಒಂದೀಟ ಹೆಪ್ಪ ಕೊಡ್ರಿ ಮಲೀಕಾಮ್ಮಾ, ನಮ್ಮ ಗಡಗಿ ಕೆಟ್ಟೈತಿ."

"ದೀಪಾ ಹಚ್ಚೂ ಹೊತ್ತ ಆತಲ್ಲವ್ವಾ," ಅಂದಳು ಅಮ್ಮ. "ಈಗ ಮಸರ, ಉಪ್ಪ ಏನೂ ಕೊಡಂಗಿಲ್ಲ. ಮುಂಜಾನಿ ಬಾ, ಬಟ್ಟಲಾ ತುಂಬ ಕೊಡ್ತೀನಿ."

ಅವರಿಗೆ ದೀಪ, ನಮಗೆ ಮಗರಿಬ್ ನಮಾಜು, ಹೊತ್ತು ಒಂದೇ. ಹೊತ್ತು ಮುಳುಗಿದ ಮೇಲೆ ಮನೆಯಿಂದ ಬಿಳಿಯದು ಹೊರಗೆ ಹೋಗಬಾರದು. ನಾನು ದಫ್ತರಿನ ಮುಂದೆ ಕೂತಿದ್ದೆ. ಹತ್ತು, ಹನ್ನೊಂದೂವರೆ, ಮೂರು, ಐದು. ಎದ್ದು ಹೊಲಿಗೆ ಡಬ್ಬಿ ತೆಗೆದೆ. ಚೀಟಿಯ ಅಂಚಿಗೆ ಅರಿಸಿನದ ಬೆರಳು ಹತ್ತಿತ್ತು, ಇನ್ನೊಂದು ಅಂಚಿಗೆ ಹಿಟ್ಟು. ಬೇಲಿಯೇ ಎದ್ದು ಹೊಲ ಮೇಯ್ದಿತ್ತು.

"ಅಮ್ಮಾ, ಈ ಚೀಟಿ ಯಾರ್‍ಯಾರಿಗೆ ಕೊಟ್ಟಿ?"

"ಕೇಳ್ದೋರಿಗೆ ಕೊಟ್ಟೀನಿ. ಬರಕೊಂಡ ವಾಪಸ ಕೊಟ್ಟಾರಲ್ಲ!" ಅಮ್ಮನಿಗೆ ಓದು ಬಾರದು, ಹೆದರಿಕೆಯೂ ಬಾರದು. "ಕೊಟ್ರ ಕಡಿಮಿ ಆಗ್ತದೇನ? ಹೆಪ್ಪ ಕೊಟ್ರ ಗಡಗಿ ಖಾಲಿ ಆಗ್ತದೇನ?"

"ಮೊದಲ ಯಾರಿಗೆ?"

"ಸಾವಿತ್ರಿಗೆ."

ಸಾವಿತ್ರಿ ಶಾಂತಾದೇವಿಯ ಮಗಳು, ಹನ್ನೆರಡನೆಯದು ಮುಗಿಸಿ ಮನೆಯಲ್ಲಿದ್ದಳು. ನಾನು ಮಂಚದ ಕೆಳಗೆ ನುಗ್ಗಿದೆ. ಊರು ಕೊಳ್ಳೆ ಹೋದ ಮೇಲಾದರೂ ಕೋಟೆ ಬಾಗಿಲು ಹಾಕಲೇಬೇಕು. ಹೊಸ ಪಾಸ್‌ವರ್ಡ್ ಹೊಡೆದೆ. ಈ ಸಲ ಎಲ್ಲೂ ಬರೆದಿಡಲಿಲ್ಲ, ಬರೆದಿಡುವ ಅಗತ್ಯವೂ ಇರಲಿಲ್ಲ, ಅದು ಆರು ವರ್ಷದಿಂದ ನನ್ನ ನಾಲಿಗೆಯ ಮೇಲೆಯೇ ಇತ್ತು: ಶಾಂತಾದೇವಿ ಬಾಯಾಗ ಮಣ್ಣು. ಇಂಗ್ಲಿಷಿನ ಸಣ್ಣ ಅಕ್ಷರದಲ್ಲಿ, ನಡುವೆ ಜಾಗ ಬಿಡದೆ. ಹೊಡೆದು ಮುಗಿಸಿದಾಗ ಎದೆ ಹಗುರವಾಯಿತು, ಸುಳ್ಳು ಯಾಕೆ ಹೇಳಲಿ.

ಮರುದಿನ ಮಧ್ಯಾಹ್ನ ನಾಲ್ಕಕ್ಕೆ ಗೋಡೆಯಾಚೆಯ ಯಂತ್ರ ಬಂದು ಬಾಗಿಲು ಬಡಿಯಿತು. ಹಳೆಯ ಪಾಸ್‌ವರ್ಡ್. ಇಲ್ಲ ಅಂತು ನನ್ನ ಸರ್ವರು. ಮತ್ತೆ ಬಡಿಯಿತು. ಇಲ್ಲ. ಐದಕ್ಕೆ ಇಪ್ಪತ್ತು ಸಲ, ಆರಕ್ಕೆ ನಲವತ್ತಾರು ಸಲ. ನಾನು ಚಹಾ ಕುಡಿಯುತ್ತ ಒಂದೊಂದು ಸಾಲನ್ನೂ ಓದಿದೆ. ಮೂವತ್ತೊಂದು ಮಕ್ಕಳು ನಪಾಸಾದಾಗ ನಾನು ಎಷ್ಟು ಬಾಗಿಲು ಬಡಿದಿದ್ದೆ ಅಂತ ನೆನಪಾಯಿತು. ಬಡಿಯಲಿ ಅಂದೆ.

ನಮಾಜು ಮುಗಿಸಿದ ಅಮ್ಮ ಊಟಕ್ಕೆ ಬಡಿಸಲಿಲ್ಲ. ಮೊಸರಿನ ಗಡಿಗೆ ತಂದು ನನ್ನ ಮುಂದೆ ಇಟ್ಟಳು.

"ಈ ಮಸರ ಯಾರ ಮನೀದು?"

"ನಮ್ದು."

"ನಮ್ದಲ್ಲ. ಬ್ಯಾಸಗಿ ಬಂದಾಗೊಮ್ಮೆ ನಮ್ಮ ಗಡಗಿ ಕೆಡ್ತದ. ಆರು ವರ್ಷ ಆತು, ಪ್ರತಿ ಸಲಾ ಹೆಪ್ಪ ಆ ಮನ್ಯಾಂದ. ನೀ ಮುಂದಿನ ಬಾಗಲ್ದಾಗ ಬೈತಿದ್ದಿ, ನಾ ಹಿತ್ತಲ್ದಾಗ ಬಟ್ಟಲಾ ಹಿಡಿತಿದ್ದೆ. ಒಂದ ಸಲಾ ಇಲ್ಲ ಅಂದಿಲ್ಲ ಆಕಿ." ಅಮ್ಮ ಗಡಿಗೆಯ ಮುಚ್ಚಳ ಮುಚ್ಚಿದಳು. "ಸಾವಿತ್ರೀದು ನರ್ಸಿಂಗ್ ಫಾರ್ಮ ಐತಿ. ಇವತ್ತ ಕಡೀ ದಿನ. ಅರ್ಧಾ ತುಂಬ್ಯಾಳ, ಫೋಟೊ ಸರ್ಟಿಫಿಕೇಟ ಹಾಕೂದ ಉಳದೈತಿ. ಒಂಬತ್ತಕ್ಕ ಕರೆಂಟ ಹೋಗ್ತದ. ಆಮ್ಯಾಲೆ ಮುಂದಿನ ವರ್ಷ, ಇಲ್ಲಾ ಲಗ್ನ."

ಸೈಬರ್ ಕೆಫೆ ಇರುವ ಜತ್ತಕ್ಕೆ ಹೋಗುವ ಕಡೆಯ ಬಸ್ಸು ಆಗಲೇ ಹೋಗಿತ್ತು. ಏಳೂಕಾಲು. ಆರು ವರ್ಷ ನಾನು ರೊಟ್ಟಿಗೆ ಹಚ್ಚಿಕೊಂಡು ಹೊಗಳಿದ ಮೊಸರು ಅವಳ ಮನೆಯದು! ಮೋಸ ಹೋದ ಸಿಟ್ಟು ಬಂತು. ಅದರ ಕೆಳಗೆ ನಾಚಿಕೆಯೂ ಬಂತು, ಮತ್ತು ನಾಚಿಕೆ ಬಂತಲ್ಲ ಅಂತ ಇನ್ನಷ್ಟು ಸಿಟ್ಟು ಬಂತು. ಚಪ್ಪಲಿ ಮೆಟ್ಟಿ ಅವಳ ಬಾಗಿಲಿಗೆ ಹೋದೆ.

ಶಾಂತಾದೇವಿಯೇ ತೆಗೆದಳು. ಹಣೆಯ ಮೇಲೆ ವಿಭೂತಿ ಹಸಿಯಾಗಿತ್ತು. ಹಿಂದೆ ಕಂಪ್ಯೂಟರ್ ಮುಂದೆ ಸಾವಿತ್ರಿ, ಅತ್ತು ಕಣ್ಣು ಕೆಂಪು.

"ಪಾಸವರ್ಡ ಕೊಡಾಕ ಬಂದೀನಿ," ಅಂದೆ. "ಹುಡುಗಿ ಫಾರ್ಮ ತುಂಬ್ಲಿ."

"ದೀಪಾ ಹಚ್ಚಿದ ಮ್ಯಾಲ ಈ ಮನ್ಯಾಗ ಏನೂ ಕೊಡಂಗಿಲ್ಲ, ಏನೂ ಇಸಗೊಳ್ಳಂಗಿಲ್ಲ."

"ಇಸಗೊಳ್ಳಾಕ ಯಾವ ಕಟ್ಟಪಾಡ ಐತಿ? ಕೊಡಾಕಷ್ಟ ಕಟ್ಟ."

"ನಿನ್ನ ಕೈಲೆ ಇಸಗೊಳ್ಳಾಕ ಐತಿ. ನಮ್ಮತ್ತಿ ಜೀವ ಹಿಡಕೊಂಡ ಮಲಗಿದ್ಲು ಆ ಬ್ಯಾಸಗ್ಯಾಗ. ನಿದ್ದಿಲ್ಲ, ನೀರಿಲ್ಲ. ಎರಡ ದಿನ ಮಿಶನ್ ನಿಲ್ಲಸು ಅಂತ ನಿನ್ನ ಬಾಗಲಿಗೆ ಬಂದಿದ್ದೆ. ಪರೀಕ್ಷಾ ಐತಿ ಅಂದಿ. ನನ್ನ ಮಾರಿ ಸುದ್ದಾ ನೋಡಲಿಲ್ಲ."

ಅವಳು ಬಂದಿದ್ದಳೇ? ಆ ತಿಂಗಳು ದಿನಕ್ಕೆ ನೂರು ಜನ ಬಾಗಿಲಿಗೆ ಬರುತ್ತಿದ್ದರು, ನಾನು ಎಲ್ಲರಿಗೂ ಪರೀಕ್ಷೆ ಇದೆ ಅಂತಲೇ ಅಂದಿದ್ದೆ. ಪಾಸ್‌ವರ್ಡ್ ಆದರೂ ಹೇಳಿಬಿಡೋಣವೆಂದರೆ, ವಿಭೂತಿ ಹಚ್ಚಿದ ಆ ಮುಖಕ್ಕೆ ಎದುರು ನಿಂತು ನಿನ್ನ ಬಾಯಲ್ಲಿ ಮಣ್ಣು ಅಂತ ಹೇಗೆ ಹೇಳುವುದು? ಆರು ವರ್ಷದಲ್ಲಿ ಮೊದಲ ಸಲ ಅವಳನ್ನು ಬೈಯಲು ನನಗೆ ಬಾಯಿ ಬರಲಿಲ್ಲ. ಅಷ್ಟರಲ್ಲಿ ಬಾಗಿಲು ಮುಖಕ್ಕೆ ಬಡಿಯಿತು.

ಮನೆಗೆ ಬಂದು ಸರ್ವರಿನ ಮುಂದೆ ಕೂತೆ. ದಫ್ತರಿನಲ್ಲಿ ಸಾಲು ಏರುತ್ತಲೇ ಇತ್ತು, ಅರವತ್ತು, ಅರವತ್ತೊಂದು. ಹಳೆಯದನ್ನೇ ಮತ್ತೆ ಇಡೋಣವೆಂದರೆ ಆ ಚೀಟಿಯನ್ನು ನಿನ್ನೆಯೇ ಒಲೆಗೆ ಹಾಕಿದ್ದೆ, ಆ ಹದಿನಾರು ಅಕ್ಷರ ನನಗೇ ನೆನಪಿರಲಿಲ್ಲ. ಪಾಸ್‌ವರ್ಡ್ ಬದಲಿಸುವುದು ಒಂದು ಸಾಲಿನ ಕೆಲಸ, ಒಳ್ಳೆಯ ಮಾತೊಂದನ್ನು ಇಡಬಹುದಿತ್ತು. ಆದರೆ ಒಳ್ಳೆಯ ಮಾತನ್ನು ಆ ಮನೆಗೆ ದಾಟಿಸುವುದು ಹೇಗೆ? ಅದು ಕೊಡುವುದಾಗುತ್ತದೆ. ನಾನು ಕೊಟ್ಟದ್ದನ್ನು ಅವಳು ಮುಟ್ಟುವುದಿಲ್ಲ. ಕೊಡುವುದಕ್ಕೆ ಕಟ್ಟು ಇದೆ, ಇಸಗೊಳ್ಳುವುದಕ್ಕೂ ಕಟ್ಟು ಇದೆ ಅಂತಾಳೆ.

ಬೈಗುಳಕ್ಕೆ ಮಾತ್ರ ಯಾವ ಹೊತ್ತಿನ ಕಟ್ಟೂ ಇಲ್ಲ.

ಹಿತ್ತಲಿಗೆ ಓಡಿ, ಒಗೆಯುವ ಕಲ್ಲಿನ ಮೇಲೆ ಹತ್ತಿ ನಿಂತು, ಗೋಡೆಯಾಚೆಗೆ ಕುತ್ತಿಗೆ ಚಾಚಿದೆ.

"ಶಾಂತಾದೇವಿ ಬಾಯಾಗ ಮಣ್ಣು!"

ಆಮೇಲೆ ಆ ಕಡೆಯಿಂದ ಅವಳ ದನಿ ಬಂತು, "ನಿನ್ನ ಬಾಯಾಗ ಸಗಣಿ!"

"ಸಗಣಿ ಅಲ್ಲ, ಮಣ್ಣು! ಶಾಂತಾದೇವಿ ಬಾಯಾಗ ಮಣ್ಣು! ಎಲ್ಲಾ ಕೂಡಿಸಿ, ನಡುವ ಜಾಗಾ ಬಿಡದ! ಇಂಗ್ಲಿಷಿನ ಸಣ್ಣ ಅಕ್ಷರದಾಗ ಮಣ್ಣು! ಬಾಯಾಗ ಅಂದ್ರ ಬಿ, ಎರಡ ಎ, ವಾಯ್, ಎ, ಜಿ, ಎ! ಮಣ್ಣಿಗೆ ಎರಡ ಎನ್, ಕಡೀಕ ಯು!"

"ಹುಚ್ಚ ಹಿಡದೈತೇನ ಹಾಟ್ಯಾನ್ಗಿತ್ತಿಗೆ! ಬೈಗಳಾ ಸುದ್ದಾ ಟೈಪಿಂಗ್ ಕ್ಲಾಸಿನಂಗ ಬೈತಾಳ!"

ನಾನು ಬಿಡಲಿಲ್ಲ. ಮೂರು ಸಲ ಹೊಸದಾಗಿ ಬೈದೆ, ಮೂರು ಸಲ ಅಕ್ಷರ ಬಿಡಿಸಿ ಬೈದೆ. ಅವಳೂ ಬಿಡಲಿಲ್ಲ, ನನ್ನ ಮಶೀನುಗಳಿಗೆ ಗೆದ್ದಲು ಹತ್ತಲಿ ಅಂದಳು, ಕಬ್ಬಿಣಕ್ಕೆ ಗೆದ್ದಲು ಹತ್ತುವುದಿಲ್ಲ ಅಂತ ನಾನೂ ಹೇಳಿದೆ. ಓಣಿಯವರೆಲ್ಲ ಬಾಗಿಲಿಗೆ ಬಂದು ನಿಂತಿದ್ದರು. ಗಂಟಲು ಹರಿದ ಮೇಲೆ ಇಳಿದು ಒಳಗೆ ಹೋಗಿ ನೋಡಿದೆ. ಏಳು ಗಂಟೆ ನಲವತ್ತೆಂಟು ನಿಮಿಷಕ್ಕೆ ಆ ಯಂತ್ರ ಒಳಗೆ ಬಂದಿತ್ತು. ನನ್ನ ದಫ್ತರಿನಲ್ಲಿ ದೀಪ ಹಚ್ಚಿದ ಮೇಲೆ ಹೊಸ ಪಾಸ್‌ವರ್ಡ್ ಪಡೆದು ಒಳಗೆ ಬಂದ ಮೊದಲ ನಂಬರು ಅದು.

ನಾನು ಮತ್ತೆ ಹಿತ್ತಲಿಗೆ ಹೋದೆ. ಶಾಂತಾದೇವಿ ಇನ್ನೂ ಬೈಯುತ್ತಿದ್ದಳು. ಈಗ ದನಿ ಸಣ್ಣದಾಗಿತ್ತು, ನಡುನಡುವೆ ನಿಲ್ಲಿಸಿ ಒಳಗಿನ ಸದ್ದು ಕೇಳುತ್ತಿದ್ದಳು. ನಾನು ಒಳಗೆ ಬಂದು ದಫ್ತರಿನ ಮುಂದೆ ಕೂತೆ. ಎಂಟು ಮೂವತ್ತೈದಕ್ಕೆ ಯಂತ್ರ ಹೊರಟುಹೋಯಿತು. ಒಂಬತ್ತಕ್ಕೆ ಕರೆಂಟು ಹೋಯಿತು.

ಮುಂಜಾನೆ ಅಮ್ಮ ಬಟ್ಟಲು ಹಿಡಿದು ಹಿತ್ತಲಿಗೆ ಹೋದಳು. ನಮ್ಮ ಗಡಿಗೆ ಕೆಟ್ಟಿರಲಿಲ್ಲ, ಫಾರ್ಮಿನದು ಏನಾಯಿತೆಂದು ನೋಡುವುದಕ್ಕೇ ಹೋದಳು. ಬಟ್ಟಲು ತುಂಬಿಕೊಂಡು ಬಂದಳು.

"ಫಾರ್ಮ ಹೋತಂತ," ಅಂದಳು.

"ಮತ್ತೇನಂದ್ಲು?"

"ನಿನಗ ಹೇಳಂದಾಳ. ಆ ಪಾಸವರ್ಡ ಬದಲಿ ಮಾಡಬ್ಯಾಡ ಅಂದಾಳ. ಬದಲಿ ಮಾಡಿದ್ರ ಮತ್ತ ನಿನ್ನ ಕಡೆ ಕೇಳಾಕ ಬರಬೇಕಾಗ್ತದಂತ, ಅದಕ್ಕಿಂತ ಬಾಯಾಗ ಮಣ್ಣ ಇರ್ಲಿ ಅಂದಾಳ."

ಓಣಿಗೆಲ್ಲ ಆ ಪಾಸ್‌ವರ್ಡ್ ಗೊತ್ತಾಗಿತ್ತು. ಮಧ್ಯಾಹ್ನದೊಳಗೆ ಒಂಬತ್ತು ಹೊಸ ಯಂತ್ರ ಒಳಗೆ ಬಂದು ಕೂತಿದ್ದವು. ನನ್ನ ಭದ್ರ ಕೋಟೆ ಧರ್ಮಶಾಲೆಯಾಗಿತ್ತು. ಇವತ್ತಿಗೂ ಶಾಂತಾದೇವಿಗೂ ನನಗೂ ಮಾತಿಲ್ಲ. ಆ ಹೆಪ್ಪಿನಿಂದ ಹಾಕಿದ ಮೊಸರು ಒಂಚೂರೂ ಹುಳಿ ಇರಲಿಲ್ಲ, ಅದಕ್ಕೂ ನನಗೆ ಸಿಟ್ಟು ಬಂತು. ಪಾಸ್‌ವರ್ಡ್ ಮಾತ್ರ ನಾನು ಬದಲಿಸಲಿಲ್ಲ.