ಹೊಸ್ತಿಲ ಮುಂದಿನ ಹಲಗಿ

“ಏ ರೇವ್ಯಾ, ಮೆಟ್ಟಲಾ ಹತ್ತಬ್ಯಾಡಲೇ ಬೋಳಿಮಗನ. ಕೆಳಗ ನಿಂತು ಕೇಳು. ಕಿವಿ ಮ್ಯಾಲಿಂದೂ ಕೇಳ್ತಾವ, ಕೆಳಗಿಂದೂ ಕೇಳ್ತಾವ.”

ಸರಪಂಚ ಶಿವಶರಣ ಪಂಚಾಯತಿ ಕಟ್ಟೆಯ ಮೇಲೆ ಕುರ್ಚಿ ಹಾಕಿಸಿಕೊಂಡು ಕೂತಿದ್ದ. ಕೆಳಗೆ ಬಿಸಿಲಲ್ಲಿ ನಾನೂ ನಮ್ಮ ದೊಡ್ಡಪ್ಪನ ಮಗ ರೇವಪ್ಪನೂ ನಿಂತಿದ್ದೆವು. ರೇವಪ್ಪನ ಹೆಗಲಲ್ಲಿ ಹಲಗಿ, ನನ್ನ ಕಂಕುಳಲ್ಲಿ ಒಂದು ಹಿಡಿ ಜೋಳದ ಒಣ ಕಣಕಿ. ಹಲಗಿ ಬಾರಿಸುವುದು ಅವನ ಕೆಲಸ. ಚರ್ಮ ಸಡಿಲಾದಾಗ ಬೆಂಕಿ ಮಾಡಿ ಕಾಸಿ ಕೊಡುವುದು ನನ್ನದು. ನನ್ನ ಹೆಸರು ಅಮಸಿದ್ದ. ಐವತ್ತು ದಾಟಿದರೂ ಸರಪಂಚನ ಬಾಯಲ್ಲಿ ಇನ್ನೂ ಅಮಸ್ಯಾ.

ಗಡಿಯಾಚೆ ಮರಾಠಿ ಸೀಮೆಗೆ ಸೇರಿದ ಊರು ನಮ್ಮದು; ಗ್ರಾಮಸೇವಕ ಮರಾಠಿಯಲ್ಲಿ ಠರಾವು ಓದಿದ. ಘರಪಟ್ಟಿ, ಪಾಣಿಪಟ್ಟಿ, ಅಂದರೆ ಮನೆ ತೆರಿಗೆ, ನೀರಿನ ತೆರಿಗೆ ಬಾಕಿ ಇಟ್ಟವರ ಮನೆಗೆ ಹೋಗಿ, ಹೊಸ್ತಿಲಿಗೆ ಮುಖ ಮಾಡಿ ನಿಂತು ಹಲಗಿ ಬಾರಿಸಬೇಕು. ಮಾರ್ಚ್ ತಿಂಗಳು ಮುಗಿಯುವುದರೊಳಗೆ ವಸೂಲಿ ಆಗಬೇಕು. ಇದಲ್ಲದೆ ಮನೆಗೆ ಎರಡು ಸಾವಿರದಂತೆ ನಳಯೋಜನೆಯ ವಿಕಾಸ ಶುಲ್ಕ. ಎಲ್ಲರ ಒಪ್ಪಿಗೆಯಿಂದ ಪಾಸಾಗಿದೆ ಎಂದು ಕೊನೆಯಲ್ಲಿ ಓದಿದ. ಆ ಎಲ್ಲರೊಳಗೆ ನಾವು ಯಾವಾಗ ಸೇರಿದೆವೋ ನಮಗೇ ಗೊತ್ತಿರಲಿಲ್ಲ.

ನಮ್ಮ ಮಾದರ ಓಣಿಗೆ ನಳ ಬಂದು ಮೂರು ವರ್ಷವಾಯಿತು. ಬಂದ ದಿನ ಅದಕ್ಕೆ ಹಾರ ಹಾಕಿ, ಕಾಯಿ ಒಡೆದು, ಫೋಟೋ ತೆಗೆದುಕೊಂಡು ಹೋದರು. ತಿರುವಿದರೆ ಉಸ್ ಎಂದು ಗಾಳಿ ಬರುತ್ತದೆ. ಈಗ ಅದಕ್ಕೆ ಆಡು ಕಟ್ಟುತ್ತೇವೆ. ನೀರಿಗೆ ವಾರಕ್ಕೊಮ್ಮೆ ಬರುವ ಪಂಚಾಯತಿ ಟ್ಯಾಂಕರೇ ಗತಿ. ಪಾಣಿಪಟ್ಟಿ ಮಾತ್ರ ವರ್ಷ ತಪ್ಪಿದ್ದಿಲ್ಲ.

“ಗೌಡ್ರ, ಒಂದ್ ಮಾತು,” ಎಂದ ರೇವಪ್ಪ. “ಹೊಸ್ತಿಲಕ್ಕ ಮಾರಿ ಮಾಡಿ ಬಾರಸೂದು ಮಣ್ಣಿಗ್ರಿ. ಒಳಗ ಹೆಣ ಇದ್ದಾಗ. ಬದುಕಿದವ್ರ ಮನಿ ಮುಂದ ಬಾರಸಬಾರದ್ರಿ.”

“ಅದಕ್ಕನ ಬಾರಸಂತೀನಿ. ಬರೇ ಡಂಗರಾ ಸಾರಿದ್ರ ಯಾವ ಮಗನೂ ರೊಕ್ಕಾ ಬಿಚ್ಚೂದಿಲ್ಲ.”

ರೇವಪ್ಪ ಹೇಳಿದ್ದು ಸುಳ್ಳಲ್ಲ. ಮದುವೆಯ ಹಲಗಿ ಹಂದರದಲ್ಲಿ, ದೇವರ ಹಲಗಿ ಗುಡಿಯ ಮುಂದೆ, ಡಂಗುರದ ಹಲಗಿ ನಾಲ್ಕು ದಾರಿ ಕೂಡುವಲ್ಲಿ. ಹೊಸ್ತಿಲಿಗೆ ಮುಖ ಮಾಡುವುದು ಸಾವಿಗೊಂದೇ. ಒಮ್ಮೆ ಶುರು ಮಾಡಿದರೆ ಹೆಣ ಹೊಸ್ತಿಲು ದಾಟುವವರೆಗೂ ನಿಲ್ಲಿಸುವಂತಿಲ್ಲ. ನಡುವೆ ನಿಂತ ಹಲಗಿ ಹೆಣ ಕೇಳುತ್ತದೆ ಎಂದು ನಮ್ಮ ಹಿರಿಯರು ಹೇಳುತ್ತಿದ್ದರು.

ರೇವಪ್ಪ ಬಾಕಿದಾರರ ಯಾದಿಯಲ್ಲಿ ತನ್ನ ಹೆಸರು ಎಲ್ಲಿದೆ ಎಂದು ಕೇಳಿದ. ಮೂವತ್ತೊಂದನೆಯದು. ಅವನು ಹಲಗಿಯನ್ನು ನೆಲಕ್ಕಿಟ್ಟು ಕೈ ಮುಗಿದ.

“ಎಲ್ಲಾರ ಮನಿ ಮುಂದ ಬಾರಸ್ತೀನ್ರಿ. ನಂದೊಂದ್ ಬಿಡ್ರಿ. ಅವ್ವ ಹಾಸಿಗಿ ಹಿಡದಾಳ. ಕಣ್ಣಿಲ್ಲ, ಬರೇ ಕಿವಿ ಮ್ಯಾಲ ಜೀವಾ ಹಿಡದಾಳ. ಹೊಸ್ತಿಲದಾಗ ಹಲಗಿ ಕೇಳಿದ್ರ ತನಗ ಬಂತು ಅಂತ ತಿಳಕೊಂಡ ಬಿಡತಾಳ್ರಿ.”

“ತಿಳಕೊಳ್ಳಲಿ ಬಿಡು. ಟ್ಯಾಂಕರ್‌ದಾಗ ಒಂದ್ ಕೊಡ ನೀರು ಉಳೀತೈತಿ.”

ಕಟ್ಟೆಯ ಮೇಲೆ ಕೂತವರೆಲ್ಲ ನಕ್ಕರು. ಗ್ರಾಮಸೇವಕನಿಗೆ ಕನ್ನಡ ಅಷ್ಟಕ್ಕಷ್ಟೇ. ಎಲ್ಲರೂ ನಕ್ಕರೆಂದು ಅವನೂ ನಕ್ಕ.

ಕೊನೆಗೆ ಒಂದು ದಾರಿ ತೋರಿಸಿದರು. ರೇವಪ್ಪನ ಕೂಲಿ ದಿನಕ್ಕೆ ಮುನ್ನೂರು. ಅದನ್ನು ಕೈಗೆ ಕೊಡದೆ ಅವನ ಬಾಕಿಗೆ ಜಮಾ ಮಾಡುವುದು. ಬಾಕಿ ತೀರಿದರೆ ಯಾದಿಯಿಂದ ಹೆಸರು ಹೊಡೆದುಹಾಕುವುದು. ಅವನ ಬಾಕಿ ಸಾವಿರದ ಏಳುನೂರು. ದಿನಕ್ಕೆ ಐದು ಮನೆಯಂತೆ ಹೋದರೆ ಅವನ ಮನೆ ಏಳನೆಯ ದಿನ ಬರುತ್ತದೆ. ಅಷ್ಟರಲ್ಲಿ ಆರು ದಿನದ ಕೂಲಿ, ಹದಿನೆಂಟು ನೂರು.

“ಉಳೀತು,” ಎಂದ ರೇವಪ್ಪ ದಾರಿಯಲ್ಲಿ. “ನೂರು ಹೆಚ್ಚಿಗೇನ ಆಗತೈತಿ ಅಮಸಿದ್ದಾ.” ಅವನು ಅಷ್ಟು ಖುಷಿಯಾದದ್ದನ್ನು ನಾನು ಬಹಳ ದಿನದಿಂದ ನೋಡಿರಲಿಲ್ಲ.

ಎರಡನೆಯ ದಿನ ಖುರಷೀದಬಿಯ ಮನೆ. ಗಂಡ ಸತ್ತ ಮೇಲೆ ಊರವರ ಜಂಪರ್ ಹೊಲಿದು ಮಗಳು ಫರೀನಳನ್ನು ಬೆಳೆಸಿದವಳು. ಅವತ್ತು ಮಗಳನ್ನು ನೋಡಲು ಅಸಂಗಿ ಕಡೆಯಿಂದ ಬೀಗರು ಬಂದು ಒಳಗೆ ಚಹಾ ಕುಡಿಯುತ್ತ ಕೂತಿದ್ದರು. ನಮಗೇನು ಗೊತ್ತು? ಪಂಚಾಯತಿ ಸಿಪಾಯಿ ಸಿದ್ದಾರೂಢ ಮೊಬೈಲು ಎತ್ತಿ ಹಿಡಿದ. ವಸೂಲಿಯ ವಿಡಿಯೋ ಸಾಹೇಬರಿಗೆ ಕಳಿಸಬೇಕಂತೆ. ರೇವಪ್ಪ ಶುರು ಮಾಡಿದ.

ಖುರಷೀದಬಿ ಸೆರಗು ಎಳೆದುಕೊಳ್ಳುತ್ತ ಓಡಿ ಬಂದಳು. “ನಿಲ್ಲಸೋ ಅಣ್ಣಾ, ಖುದಾ ಕಸಮ್ ನಿಲ್ಲಸು. ಮಂದಿ ಅದಾರೋ ಒಳಗ. ಸಂಜಿಕ ರೊಕ್ಕಾ ತರ್ತೀನಿ.”

ರೇವಪ್ಪ ಸಿದ್ದಾರೂಢನ ಮುಖ ನೋಡಿದ. ಸಿದ್ದಾರೂಢ ತಲೆ ಅಲ್ಲಾಡಿಸಿದ. ಹಲಗಿ ನಿಲ್ಲಲಿಲ್ಲ. ಬೀಗರು ಎದ್ದು, ಕಪ್ಪಿನಲ್ಲಿ ಚಹಾ ಬಿಟ್ಟು, ನಮ್ಮನ್ನು ಬಳಸಿ ಹೋದರು. ಅವರು ಓಣಿ ದಾಟಿದ ಮೇಲೆ ಖುರಷೀದಬಿ ಒಳಗೆ ಹೋಗಿ ಹೊಲಿಗೆ ಮಷೀನು ಎತ್ತಿ ತಂದು ನಮ್ಮ ಕಾಲ ಬಳಿ ಇಟ್ಟಳು.

“ಒಯ್ರಿ. ಇದನ್ನೂ ಒಯ್ರಿ. ರೇವಣ್ಣಾ, ನಿನ್ನ ಕೈ ಹೆಂಗ ಎದ್ದವೋ?”

ರೇವಪ್ಪ ಅವತ್ತು ಉಣ್ಣಲಿಲ್ಲ. ಮರುದಿನ ಮತ್ತೆ ಐದು ಮನೆ ಬಾರಿಸಿದ. ನಾನೂ ಕಾಸಿ ಕೊಟ್ಟೆ. ಅವನ ಮನೆಯ ಹೊಸ್ತಿಲು ಉಳಿಯಬೇಕಾದರೆ ಮೂವತ್ತು ಹೊಸ್ತಿಲು ಮೈಲಿಗೆಯಾಗಬೇಕಿತ್ತು. ನಾವು ಒಪ್ಪಿದ್ದೆವು, ಅದನ್ನು ಮುಚ್ಚಿಟ್ಟು ಏನು ಮಾಡಲಿ.

ದಿನವೂ ಸರಪಂಚನ ಮನೆಯ ಮುಂದಿನಿಂದಲೇ ಹೋಗಬೇಕು. ಮೂರು ಅಂತಸ್ತು, ಕರಿಕಲ್ಲು ಹಾಸಿದ ಪಡಸಾಲೆ. ಇವರದು ಯಾದಿಯಲ್ಲಿ ಇಲ್ಲವೇ ಎಂದು ಕೇಳಿದ್ದಕ್ಕೆ ಸಿದ್ದಾರೂಢ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕ. “ಗೌಡ್ರು ಪಟ್ಟಿ ಮೊದಲ ತುಂಬ್ಯಾರ. ಅರವತ್ತ ರೂಪಾಯಿ. ದಾಖಲ್ಯಾಗ ಇನ್ನೂ ತಗಡಿನ ಪತ್ರಾಸಿನ ದನದ ಕೊಟ್ಟಿಗಿ ಐತಿ ಇದು.”

ಆ ಕೊಟ್ಟಿಗೆಯ ಪಡಸಾಲೆಯಲ್ಲಿ, ಕಿಟಕಿಯ ಪಕ್ಕದ ಮಂಚದ ಮೇಲೆ ಸರಪಂಚನ ಅಪ್ಪ ಗುರುಲಿಂಗಪ್ಪ ಮಲಗಿರುತ್ತಿದ್ದ. ಎರಡು ವರ್ಷದ ಹಿಂದೆ ಲಕ್ವಾ ಹೊಡೆದು ಸೊಂಟದ ಕೆಳಗೆ ಜೀವವಿಲ್ಲ. ಮೇಲಿನ ಓಣಿಯಲ್ಲಿ ರೇವಪ್ಪನನ್ನು ರೇವಪ್ಪ ಎಂದೇ ಕರೆಯುವವನು ಅವನೊಬ್ಬನೇ.

“ರೇವಪ್ಪಾ, ನಿಮ್ಮವ್ವ ಗುರವ್ವ ಆರಾಮ ಅದಾಳೇನೋ?”

“ಅದಾಳ್ರಿ ಅಜ್ಜಾರ.”

“ನನಗಿಂತ ಎರಡ ವರ್ಸಾ ದೊಡ್ಡಾಕಿ. ಮೊದಲ ಯಾರು ಹೋಗತೀವೋ ನೋಡೂಣು ಅನ್ನು ಆಕಿಗೆ,” ಎಂದು ಮುದುಕ ಹಲ್ಲಿಲ್ಲದ ಬಾಯಿ ತೆರೆದು ನಗುತ್ತಿದ್ದ.

ಆರನೆಯ ದಿನ ಸಂಜೆ ರೇವಪ್ಪ ಪಾವತಿ ಚೀಟಿ ಕೇಳಲು ಹೋದ. ಗ್ರಾಮಸೇವಕ ಪಾವತಿ ಹರಿದು ಕೊಟ್ಟ. ಸಿದ್ದಾರೂಢ ಓದಿ ಹೇಳಿದ: ಹದಿನೆಂಟು ನೂರು ಜಮಾ, ವಿಕಾಸ ಶುಲ್ಕದ ಲೆಕ್ಕಕ್ಕೆ. ಅದರಲ್ಲೇ ಇನ್ನೂ ಇನ್ನೂರು ಕೊಡಬೇಕು. ಹಳೆಯ ಸಾವಿರದ ಏಳುನೂರು ಹಾಗೇ ಇದೆ.

“ಬಾಕಿಗೆ ಅಂದಿದ್ರಲ್ರಿ?”

“ಹೊಸ ಠರಾವ ಮೊದ್ಲು, ಹಳೇದು ಹಿಂದ,” ಎಂದ ಸಿದ್ದಾರೂಢ. ಗ್ರಾಮಸೇವಕ ಪುಸ್ತಕ ಮುಚ್ಚಿದ. “ಠರಾವ ಮ್ಹಣಜೆ ಠರಾವ,” ಎಂದ, ಠರಾವು ಅಂದರೆ ಠರಾವೇ.

ಮರುದಿನ ಮುಂಜಾನೆ ಸರಪಂಚನೇ ನಮ್ಮ ಓಣಿಗೆ ಬಂದ. ಹಲಗಿಯವನ ಮನೆ ಮುಂದೆಯೇ ಹಲಗಿ ಬಾರಿಸುವುದನ್ನು ನೋಡುವ ಚಪಲ. ಹಿಂದೆ ಹತ್ತು ಮಂದಿ, ಹತ್ತು ಮೊಬೈಲು. ರೇವಪ್ಪ ಬೆಳಗ್ಗೆಯೇ ಹಲಗಿಯ ಮೇಲೆ ನೀರು ಸವರಿ ಇಟ್ಟಿದ್ದ. ಹೊಡೆದರೆ ಒದ್ದೆ ಗೋಣಿಚೀಲಕ್ಕೆ ಹೊಡೆದ ಹಾಗೆ ಡಬ್ ಡಬ್ ಎಂದಿತು. ಸರಪಂಚನಿಗೆ ಗೊತ್ತಾಯಿತು.

“ಏ ಅಮಸ್ಯಾ, ಕಾಸಲೇ ಅದನ್ನ. ಇಲ್ಲಂದ್ರ ನಾಳಿ ನಿನ್ನ ಮನಿ ಪತ್ರಾಸ ಕಿತ್ತಸ್ತೀನಿ. ಜಾಗಾ ಪಂಚಾಯ್ತೀದು ಐತಿ, ಗೊತ್ತಿರಲಿ.”

ರೇವಪ್ಪ ನನ್ನ ಕಡೆ ನೋಡಿದ. ಬೇಡ ಎಂದು ಅವನು ಹೇಳಲಿಲ್ಲ. ನಾನು ಕಣಕಿ ಹಚ್ಚಿ ಕಾಸಿದೆ. ಚೆನ್ನಾಗಿಯೇ ಕಾಸಿದೆ. ಬೆರಳಲ್ಲಿ ಬಡಿದರೆ ಕಂಚಿನ ಹಾಗೆ ಖಣ್ ಎಂದಿತು. ಆ ಸದ್ದು ಈಗಲೂ ನನ್ನ ಕಿವಿಯಲ್ಲಿದೆ.

ಮೂರು ಏಟು ಬೀಳುವುದರೊಳಗೆ ಒಳಗಿನಿಂದ ಗುರವ್ವನ ದನಿ ಬಂತು. “ಯಾರ ಹ್ವಾದ್ರೋ?”

ರೇವಪ್ಪನ ಹೆಂಡತಿ ಸಂಗವ್ವ ಬಾಗಿಲಲ್ಲೇ ನಿಂತಿದ್ದಳು. “ಮ್ಯಾಲಿನ ಓಣ್ಯಾಗ ಯಾರೋ ಹೋಗ್ಯಾರ್ರಿ ಅತ್ತಿ.”

“ಸುಳ್ಳ ಹೇಳಬ್ಯಾಡ. ಹೊಸ್ತಿಲದಾಗ ಐತಿ. ರೇವನ ಕೈ ಅದು.” ಆಮೇಲೆ ಮೆಲ್ಲಗೆ ಕೇಳಿತು. “ನಾ ಹ್ವಾದ್ನೇನ? ನನಗ ಗೊತ್ತ ಆಗಲಿಲ್ಲ ನೋಡು.”

“ಇಲ್ಲಬೇ ಅವ್ವಾ!” ಎಂದು ರೇವಪ್ಪ ಬಾರಿಸುತ್ತಲೇ ಕೂಗಿದ. “ಪಂಚಾಯ್ತೀದು ಇದು! ಪಟ್ಟಿದು!”

“ಬಾರಸಪಾ, ಬಾರಸು. ಎಡಗೈ ಸಡಲ ಬಿಡಬ್ಯಾಡ. ನಿಮ್ಮಪ್ಪ ಬಾರಸ್ತಿದ್ದ ಹಂಗ ಬಾರಸು.”

“ಮುದುಕಿ ಶಾಣ್ಯಾ ಐತಿ,” ಎಂದ ಸರಪಂಚ. ಮಂದಿ ಹೊಟ್ಟೆ ಹಿಡಿದುಕೊಂಡು ನಕ್ಕರು. ಒಂದು ತಾಸು ಬಾರಿಸಿಸಿದರು. ಬಿಸಿಲು ಏರಿತು, ಸರಪಂಚನಿಗೆ ಊಟದ ಹೊತ್ತಾಯಿತು. “ಸಾಕು ನಿಲ್ಲಸು,” ಎಂದು ಎದ್ದು ಹೋದ. ಹಲಗಿ ನಡುವೆಯೇ ನಿಂತಿತು.

ಅವತ್ತಿನಿಂದ ಗುರವ್ವ ಅನ್ನ ನೀರು ಮುಟ್ಟಲಿಲ್ಲ. ಸಂಗವ್ವ ನುಚ್ಚು ಕಲಸಿ ತಂದರೆ ಮುಖ ತಿರುವಿದಳು. “ಸತ್ತಾಕಿಗೆ ಯಾರರ ನುಚ್ಚು ಉಣಸ್ತಾರೇನ? ಮಂದಿ ನಗತಾರ.” ರೇವಪ್ಪ ಕಾಲು ಹಿಡಿದು ಅತ್ತ. ನಾನು ದಾನಮ್ಮ ದೇವಿಯ ಮೇಲೆ ಆಣೆ ಮಾಡಿ ನೀನು ಬದುಕಿದ್ದೀ ದೊಡ್ಡವ್ವ ಎಂದೆ. ಹೋದವಳ ಸಮಾಧಾನಕ್ಕೆ ಹೇಳುವ ಮಾತು ಇರಬೇಕು ಎಂದುಕೊಂಡಳೋ ಏನೋ, ನನ್ನ ತಲೆ ಸವರಿದಳು. ಬಾಯಿಗೆ ಬಿಟ್ಟ ನೀರು ಕೆನ್ನೆಯ ಮೇಲೆ ಇಳಿದು ಹೋಯಿತು. ನಾಲ್ಕನೆಯ ದಿನ ಮುಂಜಾನೆ ನೋಡಿದರೆ ಮೈ ತಣ್ಣಗಾಗಿತ್ತು.

ಹೆಣ ತೊಳೆಯಲು ಮನೆಯಲ್ಲಿ ನೀರಿರಲಿಲ್ಲ. ನಾನು ಪಂಚಾಯತಿಗೆ ಓಡಿದೆ. ಟ್ಯಾಂಕರು ಕಟ್ಟೆಯ ಮುಂದೆ ತುಂಬಿಯೇ ನಿಂತಿತ್ತು, ತಳದಿಂದ ನೀರು ತೊಟ್ಟಿಕ್ಕುತ್ತಿತ್ತು.

“ನಾಲ್ಕ ಕೊಡ ಕೊಡ್ರಿ ಗೌಡ್ರ. ಹೆಣ ಕುಂತೈತಿ.”

“ಬಾಕಿ ಇದ್ದ ಓಣಿಗೆ ಟ್ಯಾಂಕರ್ ಬಂದ್ ಮಾಡೇವಿ. ಠರಾವ ಆಗೇತಿ,” ಎಂದ ಸರಪಂಚ, ಹಲ್ಲು ಕಡ್ಡಿ ತೆಗೆಯದೆ. “ಬದುಕಿದ್ದಾಗ ಎಷ್ಟ ಸಲ ಜಳಕಾ ಮಾಡಿದ್ಳು? ಹಂಗಽ ಒಯ್ರಿ.”

ಖುರಷೀದಬಿ ಎರಡು ಕೊಡ ನೀರು ಹೊತ್ತು ತಂದಳು. ಆ ನೀರಲ್ಲೇ ಗುರವ್ವನನ್ನು ತೊಳೆದೆವು.

ಹೆಣ ಎತ್ತುವಾಗ ಎಲ್ಲರೂ ರೇವಪ್ಪನ ಕಡೆ ನೋಡಿದರು. ಊರಿನ ಎಲ್ಲ ಸಾವಿಗೂ ಬಾರಿಸಿದವನು ತಾಯಿಯ ಸಾವಿಗೆ ಹಲಗಿ ಮುಟ್ಟಲಿಲ್ಲ. “ಆಕೀದು ಆಗಲೇ ಬಾರಸೇನಿ,” ಎಂದ. ಹಲಗಿಯಿಲ್ಲದೆ, ಸದ್ದಿಲ್ಲದೆ ಗುರವ್ವ ಹೊಸ್ತಿಲು ದಾಟಿದಳು.

ಮಣ್ಣು ಮುಚ್ಚಿದ ಮೇಲೆ ರೇವಪ್ಪ ಜಳಕ ಮಾಡಲಿಲ್ಲ. ಮೈಕೈ ಮಣ್ಣಿನಲ್ಲೇ ಮನೆಗೆ ಬಂದು ಗೂಟದಿಂದ ಎರಡು ಹಲಗಿ ಇಳಿಸಿದ. ಒಂದು ಅವನದು, ಇನ್ನೊಂದು ಅವನ ಅಪ್ಪನದು. ಅಪ್ಪನದನ್ನು ನನ್ನ ಕೈಗೆ ಕೊಟ್ಟ.

“ಕಾಸೂದಕ್ಕ ಏನರ ತಗೋ.”

ಕಣಕಿ ತೀರಿತ್ತು. ನಾನು ಮನೆಗೆ ಹೋಗಿ ಪಂಚಾಯತಿಯ ಬಾಕಿ ನೋಟೀಸು ತಂದೆ. ಅದನ್ನು ಕಂಡು ಸಂಗವ್ವ ತಮ್ಮ ಮನೆಯದನ್ನು ತಂದು ಕೊಟ್ಟಳು. ಬಾಗಿಲು ಬಾಗಿಲಿಂದ ಬಂದು ನನ್ನ ಧೋತರದ ಮಡಿಲು ತುಂಬಿದರು. ಮೂರು ವರ್ಷದ ಕಾಗದ ಎಷ್ಟು ಜೋಪಾನ ಮಾಡಿದ್ದೆವು ನಾವು! ಪತ್ರಾಸಿನ ಸಂದಿಯಲ್ಲಿ, ದೇವರ ಫೋಟೋದ ಹಿಂದೆ ಇಟ್ಟಿದ್ದೆವು.

ನಡುಹಗಲು. ಸರಪಂಚನ ಮನೆಯ ಬಾಗಿಲು ತೆರೆದಿತ್ತು. ರೇವಪ್ಪ ಹೊಸ್ತಿಲಿಗೆ ಮುಖ ಮಾಡಿ ನಿಂತು ಸಾವಿನ ಹಲಗಿ ಬಾರಿಸತೊಡಗಿದ.

ಎಂಜಲು ಕೈಯಲ್ಲೇ ಸರಪಂಚ ಹೊರಗೆ ಬಂದ. “ಏ ಸೂಳಿಮಗನ! ತಲಿ ಕೆಟ್ಟೇತೇನಲೇ? ಯಾರ ಮನಿ ಮುಂದ ನಿಂತೀದಿ?”

“ದಾಖಲ್ಯಾಗ ಕೊಟ್ಟಿಗಿ ಐತ್ರಿ,” ಎಂದ ರೇವಪ್ಪ. ಕೈ ನಿಲ್ಲಲಿಲ್ಲ. “ಅವತ್ತ ನೀವು ನಡುವ ನಿಲ್ಲಸಿದ್ರಿ. ನಿಂತ ಹಲಗಿ ಹೆಣಾ ಕೇಳತೈತ್ರಿ. ಹೆಣಾ ಹೊರಗ ಬರೂತನಕ ನಿಲ್ಲಸೂದಿಲ್ಲ.”

ಸರಪಂಚ ಬಾಗಿಲ ಹಿಂದಿನ ಬಡಿಗೆ ತಂದು ಅವನ ಹೆಗಲಿಗೆ ಹೊಡೆದ, ಬೆನ್ನಿಗೆ ಹೊಡೆದ. ರೇವಪ್ಪನ ಕಿವಿಯ ಹಿಂದಿನಿಂದ ರಕ್ತ ಇಳಿಯಿತು. ಎಡಗೈ ಸಡಿಲಾಗಲಿಲ್ಲ. ನಮ್ಮ ಓಣಿಯವರು ಹಿಂದೆ ಬಂದು ನಿಂತರು, ಖುರಷೀದಬಿಯೂ ನಿಂತಳು. ಮೇಲಿನ ಓಣಿಯವರು ಮಾಳಿಗೆ ಏರಿ ನೋಡುತ್ತಿದ್ದರು. ಅವತ್ತು ಅವರ ಮೊಬೈಲು ಮೇಲೇಳಲಿಲ್ಲ. ಸರಪಂಚ ಬಡಿಗೆ ಒಗೆದ.

“ಬಾಕಿ ಮಾಫ್ ಮಾಡತೀನಲೇ. ಕೇಳಸ್ತೇನ? ನಿಂದೂ ಮಾಫ್, ಇಡೀ ಓಣೀದೂ ಮಾಫ್. ನಿಲ್ಲಸು. ಒಳಗ ಅಪ್ಪ ಅದಾನೋ, ನಿಲ್ಲಸೋ!”

ಆಗ ಕಿಟಕಿಯಿಂದ ಮುದುಕನ ದನಿ ಬಂತು. “ಶಿವಶರಣಾ, ಯಾರ ಹ್ವಾದ್ರೋ?”

ರೇವಪ್ಪನ ಕಣ್ಣಲ್ಲಿ ನೀರು ಇಳಿಯುತ್ತಿತ್ತು. ಕೈ ಮಾತ್ರ ಅದರ ಪಾಡಿಗೆ ಅದು ಏಳುತ್ತಿತ್ತು, ಬೀಳುತ್ತಿತ್ತು.

“ರೇವಪ್ಪನ ಕೈ ಅಲ್ಲೇನೋ ಅದು? ನಮ್ಮ ಹೊಸ್ತಿಲದಾಗ ಯಾಕ ಐತಿ?” ಮುದುಕ ಮತ್ತೆ ಕೇಳಿದ. “ನಾನೇನೋ?”

ರೇವಪ್ಪನ ಹಲಗಿ ಸಡಿಲಾಗುತ್ತ ಬಂದಿತ್ತು. ನಾನು ಇನ್ನೊಂದು ನೋಟೀಸಿಗೆ ಬೆಂಕಿ ಹಚ್ಚಿ ಅವನ ಅಪ್ಪನ ಹಲಗಿ ಕಾಸತೊಡಗಿದೆ.